ಎರಡನೆಯ ಕೂಗು

ಬಸ್ ನಿಲ್ದಾಣದ ಎದುರು ಧ್ವನಿವರ್ಧಕದ ಅಂಗಡಿ ಇಟ್ಟವನನ್ನು ಊರೆಲ್ಲ ಮೈಕಣ್ಣ ಎಂದೇ ಕರೆಯುತ್ತಿತ್ತು. ಮೈಯೆಲ್ಲ ಕಿವಿಯಾಗಿದ್ದವನ ಹೆಸರಿನಲ್ಲಿ ಕಣ್ಣು ಬಂದು ಕೂತದ್ದು ತಮಾಷೆಯೇ. ಯಾರದಾದರೂ ದನಿ ಒಮ್ಮೆ ಕಿವಿಗೆ ಬಿದ್ದರೆ ಸಾಕು, ಆಸಾಮಿಯ ಯಾವ ಹಲ್ಲು ಉದುರಿದೆ ಎಂದು ಹೇಳಿಬಿಡುತ್ತಿದ್ದ. ಭಾಷಣದಲ್ಲಿ ತಡವರಿಸಿದ್ದನ್ನು ಕತ್ತರಿಸಿ, ಕೆಮ್ಮನ್ನು ಒರೆಸಿ, ನುಂಗಿದ ಅಕ್ಷರವನ್ನು ಬೇರೆ ಕಡೆಯಿಂದ ತಂದು ಅಂಟಿಸಿ ಕೊಡುತ್ತಿದ್ದ. ಅವನ ಕೈಗೆ ಸಿಕ್ಕ ಮಾತು ಸ್ನಾನ ಮಾಡಿ ತಲೆ ಬಾಚಿಕೊಂಡೇ ಹೊರಗೆ ಬರುತ್ತಿತ್ತು. ಆ ಕೈಗುಣವೇ ಅವನಿಗೆ ಮುಳುವಾಯಿತು.

ಬೆಟ್ಟದ ಮೇಲಿನ ಕಮ್ಯುನಿಸ್ಟ್ ಬಂಡುಕೋರರಿಗೂ ಕೆಳಗಿನ ಸರ್ಕಾರಕ್ಕೂ ಗುದ್ದಾಟ ಶುರುವಾಗಿ ಮೂವತ್ತೊಂದು ವರ್ಷವಾಗಿತ್ತು. ಸರ್ಕಾರ ಕಾಡು ಕಡಿದು ರಸ್ತೆ ಹಾಕಿತು, ಅವರು ಸೇತುವೆ ಉರುಳಿಸಿದರು. ಸರ್ಕಾರ ಶಾಲೆಗಳಲ್ಲಿ ಪೊಲೀಸರನ್ನು ಇಳಿಸಿತು, ಅವರು ಶಾಲೆಗೇ ಬೆಂಕಿ ಇಟ್ಟರು. ನಡುವೆ ಸಿಕ್ಕ ಜನರನ್ನು ಇಬ್ಬರೂ ಸೇರಿ ಹಣ್ಣುಗಾಯಿ ನೀರುಗಾಯಿ ಮಾಡಿದರು. ಕಡೆಗೆ ಬೆಟ್ಟದಲ್ಲಿ ಹನ್ನೊಂದೇ ಜನ ಉಳಿದಿದ್ದಾರೆ ಎಂಬ ಸುದ್ದಿ ಬಂತು. ಆಗ ಬಂದವರು ಹೊಸ ಅಧಿಕಾರಿ. ಯಾರಿಗೂ ಗದರಿದವರಲ್ಲ, ಪೇದೆಗೂ ಬಹುವಚನ. ಜನ ಅವರಿಗೆ ಮೆತ್ತನೆ ಸಾಹೇಬರು ಎಂದು ಹೆಸರಿಟ್ಟರು. ಅವರು ತಂದ ಯೋಜನೆಯ ಹೆಸರು ‘ಮನೆಗೆ ಬಾ’. ಹನ್ನೊಂದು ಮನೆಗಳ ತಾಯಂದಿರ ದನಿ ಹಿಡಿದು, ಜೀಪಿಗೆ ಮೈಕು ಕಟ್ಟಿ, ಬೆಟ್ಟದ ಬುಡದ ಉದ್ದಕ್ಕೂ ಕೇಳಿಸುವುದು. ಮುಖ್ಯರಸ್ತೆಯ ಚೌಕಿಗೆ ಬಂದು ಆಯುಧ ಇಟ್ಟವರನ್ನು ಕ್ಷಮಿಸಿ ಮನೆಗೆ ಕಳಿಸುವುದು.

ಒಂದು ಬೆಳಿಗ್ಗೆ ಸಾಹೇಬರು ತಾವೇ ಅಂಗಡಿಗೆ ಬಂದರು. ಮೈಕಣ್ಣ ಸ್ಟೂಲಿನ ಮೇಲಿದ್ದ ತಂತಿಯ ಸುರುಳಿ ಎತ್ತಿ ಜಾಗ ಮಾಡಿದ.

“ಪಟ್ಟಿಯಲ್ಲಿ ಒಂಬತ್ತನೇ ಹೆಸರು ನಿಮ್ಮ ತಂಗೀದಲ್ವಾ?” ಎಂದರು.

“ಹೌದು ಸಾರ್.”

“ಜೀವಂತ ಕರೆಸ್ಕೊಳ್ಳೋಣ. ಹೆಣಗಳ ಮುಂದೆ ನಿಂತು ಫೋಟೋ ತೆಗೆಸ್ಕೊಂಡು ಸಾಕಾಗಿದೆ ನನಗೆ.”

ಆ ಮಾತು ಸುಳ್ಳಲ್ಲ ಎಂದು ಮೈಕಣ್ಣನಿಗೆ ದನಿಯಲ್ಲೇ ಗೊತ್ತಾಯಿತು. ಈಗಲೂ ಅವನು ಅದನ್ನು ಸುಳ್ಳೆನ್ನುವುದಿಲ್ಲ.

ತಂಗಿಯನ್ನು ಅವನು ನೋಡಿ ಹದಿನಾಲ್ಕು ವರ್ಷವಾಗಿತ್ತು. ಕಡೆಯ ಸಲ ಬಂದಾಗ ಅವಳಿಗೆ ಹತ್ತೊಂಬತ್ತು. ಅವನು ಬೆಸುಗೆ ಹಾಕುತ್ತ ತಲೆ ಬಗ್ಗಿಸಿ ಕೂತಿದ್ದ. “ಬರ್ತೀನಣ್ಣ” ಎಂದಳು. ಹೋಗುವವರೆಲ್ಲ ಹೇಳುವುದು ಅದೇ ತಾನೆ. ಅವನು ತಲೆ ಎತ್ತದೆ “ಹ್ಞೂಂ” ಎಂದ. ಹೊಗೆ ಆರಿ ನೋಡಿದಾಗ ಬಾಗಿಲು ಖಾಲಿ.

ನಿಜ ಹೇಳಬೇಕೆಂದರೆ ಅಣ್ಣತಂಗಿ ಒಟ್ಟಿಗೆ ಬೆಳೆದವರೇ ಅಲ್ಲ. ಅಪ್ಪ ಬೆಟ್ಟದ ಬುಡದ ಕಲ್ಲುಕ್ವಾರಿಯಲ್ಲಿ ಬಂಡೆಗೆ ಮದ್ದು ಇಟ್ಟು ಸಿಡಿಸುವ ಕೆಲಸದವನು. ಮನೆ ಕ್ವಾರಿಯ ಅಂಚಿನಲ್ಲೇ. ಆ ದೂಳು ಎದೆಗೆ ಆಗಿಬರದೆ ಮೈಕಣ್ಣನನ್ನು ನಾಲ್ಕನೇ ವಯಸ್ಸಿಗೇ ಪೇಟೆಯ ಸೋದರಮಾವನ ಮನೆಗೆ ಸಾಗಿಸಿದ್ದರು. ಕ್ವಾರಿಗೆ ಬಿಡುವಿದ್ದ ದಿನ ಮಾತ್ರ, ದೂಳು ಏಳದ ದಿನ ಮಾತ್ರ, ನೆಂಟನ ಹಾಗೆ ಬಂದು ಉಂಡು ಹೋಗುತ್ತಿದ್ದ. ತಂಗಿ ಬೆಳೆದದ್ದು ಕಲ್ಲಿನ ಮೇಲೆ. ಬಂಡೆಯಿಂದ ಬಂಡೆಗೆ ಹಾರುವವಳನ್ನು ಅಮ್ಮ ಮಿಡತೆ ಎಂದು ಕರೆಯುತ್ತಿದ್ದಳು. ಊಟದ ಹೊತ್ತಿಗೆ ಅಂಗಳದ ತುದಿಯಲ್ಲಿ ನಿಂತು “ಮಿಡತೇ, ಬಾರೇ” ಎಂದು ಕೂಗುವಳು. ಮೂರು ಉಸಿರು ಬಿಟ್ಟು ಇನ್ನೊಮ್ಮೆ ಕೂಗುವಳು. ತಂಗಿ ಕಲ್ಲುಬಾನಿಯಲ್ಲಿ ಕೈ ತೊಳೆದುಕೊಂಡು, ಒರೆಸದೆ, ನೀರು ತೊಟ್ಟಿಕ್ಕಿಸುತ್ತ ಓಡಿ ಬರುವಳು. ಎಲ್ಲವನ್ನೂ ಎರಡೆರಡು ಸಲ ಕೂಗುವುದು ಅಮ್ಮನ ಅಭ್ಯಾಸ ಎಂದುಕೊಂಡಿದ್ದ ಮೈಕಣ್ಣ. ಅಪ್ಪ ತೀರಿ, ಕ್ವಾರಿ ಮುಚ್ಚಿ, ಅಮ್ಮ ಅಂಗಡಿಯ ಮೇಲಿನ ಅವನ ಮನೆಗೆ ಬಂದ ಮೇಲೂ ಊಟಕ್ಕೆ ಎರಡು ಸಲ ಕೂಗುತ್ತಿದ್ದಳು. “ಕಿವುಡನನ್ನ ಕರೆದ ಹಾಗೆ ಕರೀತೀಯಲ್ಲಮ್ಮ” ಎಂದು ಅವನು ರೇಗಿಸುತ್ತಿದ್ದ.

ದನಿ ಹಿಡಿಯುವ ದಿನ ಅಮ್ಮ ಬೆಳಿಗ್ಗೆಯಿಂದಲೇ ಮಾತು ಜೋಡಿಸಿಕೊಂಡಿದ್ದಳು. ಜೀಪಿನಲ್ಲಿ ಒಪ್ಪಿಸಿದ್ದೇ ಒಪ್ಪಿಸಿದ್ದು. “ನನ್ನ ಮಂಡಿ ಹೋಗಿದೆ ಅಂತೀನಿ. ಅಣ್ಣ ಮದುವೆ ಆಗ್ದೆ ಹಾಗೇ ಕೂತಿದಾನೆ ಅಂತೀನಿ. ಸಾಕಲ್ವೇನೋ?”

“ನನ್ನ ಮದುವೆ ಬೆಟ್ಟಕ್ಕೆಲ್ಲ ಕೇಳಿಸ್ಬೇಕೇನಮ್ಮ?” ಎಂದು ಅವನು ನಕ್ಕ.

ಸಾಹೇಬರ ಕೋಣೆಯಲ್ಲಿ ಫ್ಯಾನು ನಿಲ್ಲಿಸಿ, ಕಿಟಕಿಗೆ ಕಂಬಳಿ ಕಟ್ಟಿ, ಮೇಜಿನ ಮೇಲೆ ಮೈಕು ಇಟ್ಟದ್ದಾಯಿತು. ಬಾಯಿ ಒಣಗಿದೆ ಎಂದು ಅಮ್ಮ ಮೊಗಸಾಲೆಯ ನಲ್ಲಿಗೆ ಹೋದಳು. ಹೋದವಳು ಹಿಂದಿರುಗಲು ತುಸು ಹೊತ್ತಾಯಿತು. ಬಂದಾಗ ಮುಖ ಬೇರೆಯಾಗಿತ್ತು. ಜೋಡಿಸಿಕೊಂಡ ಮಾತೆಲ್ಲ ಎಲ್ಲಿ ಹೋಯಿತೋ. ಕುರ್ಚಿಯಲ್ಲಿ ಕೂರಲಿಲ್ಲ. ನಿಂತು, ಮೈಕಿನ ಆಚೆಗೆ ದೂರ ನೋಡುತ್ತ, ಒಮ್ಮೆ ಕೂಗಿದಳು.

“ಮಿಡತೇ, ಬಾರೇ.”

ಕಂಬಳಿ ಕಟ್ಟಿದ ಕೋಣೆಯಲ್ಲೂ ಅದು ಬಂಡೆಗೆ ತಾಗಿ ಬಂದಂತೆ ಇತ್ತು. ಸಾಹೇಬರು ಕಾದರು. ಅಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

“ಇನ್ನೊಂದ್ಸಲ ಕರೀರಿ ಅಮ್ಮ.”

“ಗಂಟಲು ಕಟ್ಟಿದೆ ಸ್ವಾಮಿ.”

“ಅರ್ಧ ನಿಮಿಷ ಆದ್ರೂ ಬೇಕಿತ್ತು.”

“ನಾನು ನೋಡ್ಕೋತೀನಿ ಸಾರ್” ಎಂದ ಮೈಕಣ್ಣ.

ಹಿಂದಿರುಗುವಾಗ ಇಲಾಖೆಯ ಚಾಲಕ ಮುಂದೆ ಕೂತಿದ್ದ. ಅಮ್ಮ ಮಗನ ತೋಳು ಹಿಡಿದು ತಗ್ಗಿದ ದನಿಯಲ್ಲಿ ಕೇಳಿದಳು, “ನಾನು ಕೂಗಿದ್ದು ಹಾಗೇ ಕೇಳ್ಸುತ್ತೆ ತಾನೆ? ಏನೂ ಕಡಿಮೆ ಹೆಚ್ಚು ಆಗಲ್ವಲ್ಲ?”

“ನೀನು ತಲೆ ಕೆಡಿಸ್ಕೋಬೇಡಮ್ಮ. ನಾನಿಲ್ವಾ?”

ಅವನಿದ್ದ. ಅಂಗಡಿಯ ಬಾಗಿಲು ಅರ್ಧ ಎಳೆದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತ. ಪರದೆಯ ಮೇಲೆ ಅಮ್ಮನ ಕೂಗು ಸಣ್ಣ ಗುಡ್ಡದ ಹಾಗೆ ಕಾಣುತ್ತಿತ್ತು. ಒಂದೇ ಗುಡ್ಡ, ಆಮೇಲೆ ಬಯಲು. ಇದು ಅಮ್ಮನ ಕೂಗಿನಂತಿಲ್ಲ, ಎರಡನೆಯದಿಲ್ಲದೆ ತಂಗಿ ಇದನ್ನು ನಂಬುವುದಿಲ್ಲ ಎಂದುಕೊಂಡ. ಪಾಪ, ದುಃಖದಲ್ಲಿ ಅಮ್ಮನಿಗೆ ಉಸಿರು ಸಾಲದೆ ಹೋಯಿತು, ಆ ಉಸಿರನ್ನು ತಾನು ಕೊಡೋಣ ಎಂದುಕೊಂಡ. ಗುಡ್ಡವನ್ನು ನಕಲು ಮಾಡಿ ಪಕ್ಕದಲ್ಲಿಟ್ಟ. ಎರಡೂ ಒಂದೇ ಥರ ಇದ್ದರೆ ಯಂತ್ರದ್ದೆಂದು ಗೊತ್ತಾಗುತ್ತದೆಂದು ಎರಡನೆಯದನ್ನು ಕೂದಲಷ್ಟು ತಗ್ಗಿಸಿ, ‘ರೇ’ಯನ್ನು ತುಸು ಎಳೆದ. ನಡುವೆ ಮೂರು ಉಸಿರಿನ ಜಾಗ ಬಿಟ್ಟ. ಕೇಳಿದಾಗ ಅವನ ಕಣ್ಣಲ್ಲೇ ನೀರು ಬಂತು. ಅಂಗಳದ ತುದಿಯಲ್ಲಿ ಅಮ್ಮ ನಿಂತ ಹಾಗೇ ಇತ್ತು. ಅಷ್ಟು ಚೆನ್ನಾದ ಕೆಲಸವನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ.

ಜೀಪು ಐದು ದಿನ ಬೆಟ್ಟದ ಬುಡ ಸುತ್ತಿತು. ಪೇಟೆಯೊಳಗೆ ಬರಲಿಲ್ಲವಾದ್ದರಿಂದ ಅಮ್ಮ ಅದನ್ನು ಕೇಳಲಿಲ್ಲ. ಒಬ್ಬೊಬ್ಬರೇ ಇಳಿದು ಬರತೊಡಗಿದರು. ಆರು ಜನ ಚೌಕಿಯಲ್ಲಿ ಬಂದೂಕು ಒಪ್ಪಿಸಿ, ಟೀ ಕುಡಿದು, ತಾಯಂದಿರ ಕೈ ಹಿಡಿದುಕೊಂಡು ಮನೆಗೆ ಹೋದರು. ಅದೂ ಸುಳ್ಳಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಜೀಪು ಹಾಳುಬಿದ್ದ ಕ್ವಾರಿಯ ಬಾಯಿಗೆ ಬಂದಾಗ ಮೈಕಣ್ಣನೂ ಅದರಲ್ಲಿದ್ದ. ಕೂಗು ಬಂಡೆಗಳಿಗೆ ಬಡಿದು ತಿರುಗಿ ಬಂತು. ಮೇಲೆ ಎಲ್ಲೋ ಒಂದು ಕಲ್ಲು ಉರುಳಿದ ಸದ್ದು ಅವನಿಗೊಬ್ಬನಿಗೇ ಕೇಳಿಸಿತು. ಬಂದಳು, ಎಂದುಕೊಂಡ. ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಚಾಲಕನ ಬೆನ್ನಿಗೆ ಒಂದು ಗುದ್ದು ಕೊಟ್ಟ.

ಮರುದಿನ ಹತ್ತು ಗಂಟೆಗೆ ಸಾಹೇಬರು ಅಂಗಡಿಗೆ ಬಂದರು. ಈ ಸಲ ಸ್ಟೂಲಿನ ಮೇಲೆ ಕೂರಲಿಲ್ಲ.

“ಚೌಕಿಗೆ ಬರ್ಲಿಲ್ಲ ಅವಳು. ಕ್ವಾರಿ ಕಾಲುದಾರೀಲಿ ಇಳಿದುಬಿಟ್ಟಿದಾಳೆ. ಅಲ್ಲಿ ಬೇರೆ ತುಕಡಿ ಕೂತಿತ್ತು. ನನ್ನ ಕೈಕೆಳಗಿನದಲ್ಲ. ನನಗೆ ಅವರು ಹೇಳಿರ್ಲಿಲ್ಲ, ಅವರಿಗೆ ನಾನು...” ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಆಮೇಲೆ ಎಂದರು, “ಕೈಯಲ್ಲಿ ಏನೂ ಇರ್ಲಿಲ್ಲ. ಬಂದೂಕು ಮೇಲೆ ಮರಕ್ಕೆ ಒರಗಿಸಿ ಬಂದಿದ್ಲು. ಕೈ ಮಾತ್ರ ಒದ್ದೆ ಇತ್ತಂತೆ, ಯಾಕೋ.”

ಯಾಕೆಂದು ಮೈಕಣ್ಣನಿಗೆ ಗೊತ್ತಿತ್ತು. ಹಾಳು ಕ್ವಾರಿಯ ಕಲ್ಲುಬಾನಿಯಲ್ಲಿ ಇನ್ನೂ ನೀರು ನಿಲ್ಲುತ್ತಿತ್ತು.

ಮೆಟ್ಟಿಲು ಹತ್ತಿ ಹೋಗಿ ಅಮ್ಮನಿಗೆ ಹೇಳಿದ. ಅವಳು ಎದೆ ಬಡಿದುಕೊಳ್ಳಲಿಲ್ಲ. ಗೋಡೆಗೆ ಒರಗಿ ಕೂತು ಒಂದೇ ಮಾತು ಹಿಡಿದಳು. “ಯಾಕೆ ಬಂದ್ಲು ಅವಳು? ಬರೋ ಹಾಗಿರ್ಲಿಲ್ವಲ್ಲ.” ಸುಡುವಾಗಲೂ ಅದೇ, ಸುಟ್ಟು ಬಂದ ಮೇಲೂ ಅದೇ. ದುಃಖಕ್ಕೆ ತಲೆ ಕೆಟ್ಟಿದೆ ಎಂದು ಅಕ್ಕಪಕ್ಕದವರು ಹೇಳಿದರು. ಮೈಕಣ್ಣನೂ ಹಾಗೇ ತಿಳಿದ. ಹಾಗೆ ತಿಳಿದಿದ್ದ ಆ ಒಂಬತ್ತು ದಿನಗಳೇ ಅವನ ಬಾಳಿನ ಕಡೆಯ ಸುಖದ ದಿನಗಳು ಎನ್ನಬೇಕು.

ಹತ್ತನೆಯ ದಿನ ಬಂಡಾಯ ಮುಗಿಯಿತೆಂದು ಸರ್ಕಾರ ಸಾರಿತು. ಉಳಿದ ನಾಲ್ವರೂ ಶರಣಾಗಿದ್ದರು. ಜೀಪಿಗೆ ಹೂಮಾಲೆ ಹಾಕಿ ಪೇಟೆಯಲ್ಲಿ ಮೆರವಣಿಗೆ ಹೊರಡಿಸಿದರು. ಹನ್ನೊಂದು ದನಿಗಳನ್ನೂ ಸಾಲಾಗಿ ಹಾಕಿದ್ದರು. ಒಂಬತ್ತನೆಯದನ್ನು ತೆಗೆಯಬೇಕೆಂದು ಯಾರ ತಲೆಗೂ ಹೊಳೆದಿರಲಿಲ್ಲ. ಅಂಗಡಿಯ ಮುಂದೆ ಜೀಪು ಬಂದಾಗ ಸರಿಯಾಗಿ ಅದರದೇ ಸರದಿ.

“ಮಿಡತೇ, ಬಾರೇ.”

ಮೈಕಣ್ಣ ಬೀದಿಗೆ ಓಡಿದ. ನಿಲ್ಲಿಸು ಎಂದು ಚಾಲಕನಿಗೆ ಕೈ ಬೀಸಿದ. ಅಷ್ಟರಲ್ಲಿ ಮೂರು ಉಸಿರು ಕಳೆದು ಇನ್ನೊಂದೂ ಬಂತು. ತಲೆ ಎತ್ತಿ ನೋಡಿದರೆ ಅಮ್ಮ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಬೀದಿಯಲ್ಲಿ ಅವಳ ದನಿ, ಕಿಟಕಿಯಲ್ಲಿ ಅವಳ ಮುಚ್ಚಿದ ಬಾಯಿ.

ಅವಳು ಮಂಡಿ ನೋವಿನಲ್ಲೇ ಮೆಟ್ಟಿಲಿಳಿದು ಅಂಗಡಿಗೆ ಬಂದಳು.

“ಎರಡನೇದು ಯಾರು ಕೂಗಿದ್ದು?”

“ನೀನೇ ಅಮ್ಮ. ನಿನ್ನ ದನೀನೇ.”

“ನಾನು ಒಂದೇ ಸಲ ಕೂಗಿದ್ದೆ.”

“ಎರಡು ಸಲ ಕೂಗೋದು ನಿನ್ನ ಅಭ್ಯಾಸ ಅಲ್ವಾ, ಅದಕ್ಕೆ ನಾನು...”

ಅಮ್ಮ ಅವನ ಮುಖವನ್ನೇ ನೋಡಿದಳು. ಎಲ್ಲಿಂದಲೋ ಬಂದ ನೆಂಟನಿಗೆ ಮನೆಯ ರೀತಿ ತಿಳಿಸುವವಳಂತೆ ನಿಧಾನವಾಗಿ ಹೇಳಿದಳು. “ಕ್ವಾರೀಲಿ ನಿಮ್ಮಪ್ಪ ಬತ್ತಿಗೆ ಬೆಂಕಿ ಇಟ್ಟಾಗ ನಾನು ಒಂದು ಸಲ ಕೂಗ್ತಿದ್ದೆ ಕಣೋ. ಒಂದು ಅಂದ್ರೆ, ಎಲ್ಲಿದೀಯೋ ಅಲ್ಲೇ ಅವಿತ್ಕೋ, ಸಿಡಿಯುತ್ತೆ. ಎರಡು ಅಂದ್ರೆ ಏನೂ ಭಯ ಇಲ್ಲ, ಊಟಕ್ಕೆ ಬಾ. ನಡಿಯೋದು ಕಲಿಯೋಕೆ ಮೊದಲೇ ಅವಳು ಅದನ್ನ ಕಲಿತಿದ್ಲು. ನೀನು ಬರ್ತಿದ್ದದ್ದು ಬಿಡುವಿನ ದಿನ. ಮದ್ದು ಹಾಕದ ದಿನ. ನಿನಗೆ ಒಂದೇ ಕೂಗು ಎಲ್ಲಿ ಕೇಳಿರುತ್ತೆ?”

ಮೈಕಣ್ಣ ಕೇಳಿದ, “ಆವತ್ತು ಯಾಕಮ್ಮ ಒಂದೇ...”

“ನಲ್ಲಿ ಹತ್ರ ಪೊಲೀಸಿನವನೊಬ್ಬ ಫೋನಲ್ಲಿ ಹೇಳ್ತಿದ್ದ. ಮೂರು ಕಾಲುದಾರೀಲೂ ಜನ ಕೂತಿದಾರೆ, ಇಳಿದ್ರೆ ಬಿಡೋ ಮಾತೇ ಇಲ್ಲ ಅಂತ. ಮನೇಗೆ ಬಾ ಅಂದ್ರೆ ಅವಳು ಚೌಕಿಗೆ ಹೋಗ್ತಾಳೇನೋ? ಕ್ವಾರಿ ದಾರೀಲೇ ಬರ್ತಾಳೆ. ಅದಕ್ಕೇ ಒಂದು ಸಲ ಕೂಗಿ ಬಾಯಿ ಮುಚ್ಕೊಂಡೆ.”

“ನನಗೆ ಹೇಳಬಾರದಿತ್ತೇನಮ್ಮ?”

“ಜೀಪಲ್ಲಿ ಅವರವನಿದ್ದ. ಮನೇಗೆ ಬಂದ ಮೇಲೂ ಹೇಳ್ಲಿಲ್ಲ. ನಿನಗೆ ಗೊತ್ತಿಲ್ದೇ ಇದ್ರೆ ನಿನ್ನನ್ನ ಯಾರೂ ಏನೂ ಕೇಳೋ ಹಾಗಿಲ್ಲ ಅಂದ್ಕೊಂಡೆ. ಒಬ್ಬನಾದ್ರೂ ಉಳೀಲಿ ಅಂತ.”

ಅವಳು ಬೈಯಲಿಲ್ಲ. ಬೈದಿದ್ದರೆ ಅವನು ಕಾಲಿಗೆ ಬೀಳುತ್ತಿದ್ದ. ಕಟ್ಟೆ ಹಿಡಿದುಕೊಂಡು ಮೆಲ್ಲಗೆ ಮೆಟ್ಟಿಲು ಹತ್ತಿ ಹೋದಳು.

ಮೈಕಣ್ಣ ಯಂತ್ರದಲ್ಲಿದ್ದದ್ದನ್ನು ಅಳಿಸಿದ. ಸಾಹೇಬರ ಕಚೇರಿಗೆ ಹೋಗಿ ಅಲ್ಲಿದ್ದದ್ದನ್ನೂ ಅಳಿಸಿ ಬಂದ. ಆದರೆ ಕಿವಿ ಅವನ ಮಾತು ಕೇಳಲಿಲ್ಲ. ನಲ್ಲಿ ತೊಟ್ಟಿಕ್ಕಿದರೆ, ಬಸ್ಸು ಬ್ರೇಕು ಹಾಕಿದರೆ, ಗಿರಾಕಿ ಮಾತು ನಿಲ್ಲಿಸಿದರೆ, ಮೂರು ಉಸಿರಿನಷ್ಟು ಖಾಲಿ ಜಾಗ ಬರುತ್ತಿತ್ತು. ಆ ಜಾಗದ ಕೊನೆಗೆ ತಾನು ತಗ್ಗಿಸಿದ, ತಾನು ಎಳೆದ ಆ ‘ಬಾರೇ’ ಬರುತ್ತಿತ್ತು. ಅದನ್ನು ಅಮ್ಮ ಕೂಗಿರಲಿಲ್ಲ. ಯಾರೂ ಕೂಗಿರಲಿಲ್ಲ. ತಂಗಿ ಇಳಿದು ಬಂದದ್ದು ಯಾರೂ ಕೂಗದ ಕೂಗಿಗೆ. ಅವನು ಅಂಗಡಿಯಲ್ಲಿ ಮದುವೆಮನೆಗೆ ಹಾರ್ನು ಬಾಡಿಗೆಗೆ ಕೊಡುವುದನ್ನು ಬಿಟ್ಟು ಬೇರೆ ಎಲ್ಲವನ್ನೂ ನಿಲ್ಲಿಸಿದ. ಇನ್ನೊಬ್ಬರ ದನಿಗೆ ಕೈ ಹಾಕಲು ಅವನಿಗೆ ಭಯ.

ಅಮ್ಮ ಮನೆಕೆಲಸಕ್ಕೆ ಮರಳಿದಳು. ಅಡಿಗೆ ಮಾಡಿದಳು, ಬಟ್ಟೆ ಒಗೆದಳು, ಅವನ ಅಂಗಿಯ ಗುಂಡಿ ಹೊಲಿದಳು. ಬೇಕಾದಷ್ಟು ಮಾತನ್ನೂ ಆಡಿದಳು. ಒಂದು ಮಧ್ಯಾಹ್ನ ಅವನು ಅಂಗಡಿಗೆ ಬೀಗ ಹಾಕಿ, ಹಿತ್ತಿಲ ತೊಟ್ಟಿಯಲ್ಲಿ ಕೈ ತೊಳೆದು ಮೆಟ್ಟಿಲ ಬುಡಕ್ಕೆ ಬಂದಾಗ ಮೇಲಿನಿಂದ ಅಮ್ಮನ ದನಿ ಬಂತು.

“ಮಗಾ, ಬಾರೋ.”

ಅವನು ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟವನು ಅಲ್ಲೇ ನಿಂತ. ಮೇಲೆ ತಟ್ಟೆ ಇಟ್ಟ ಸದ್ದು, ನೀರು ಬಗ್ಗಿಸಿದ ಸದ್ದು ಕೇಳಿಸಿತು. ಮೂರು ಉಸಿರು ಕಳೆಯಿತು. ಆರು ಕಳೆಯಿತು. ಬೆರಳ ತುದಿಯಿಂದ ನೀರು ಮೆಟ್ಟಿಲ ಮೇಲೆ ಬೀಳುತ್ತಿತ್ತು. ಅವನು ಕೈ ಒರೆಸಿಕೊಳ್ಳದೆ ಎರಡನೆಯದಕ್ಕೆ ಕಾಯುತ್ತ ನಿಂತ.