ಅಡಿಯ ಪದರ ಮೊದಲು

ಕಸಿಲ್ದಾ ಮಂಡಿಯೂರಿ, ಹಿಡಿಯಲ್ಲಿದ್ದ ಕೆಂಪು ಪುಡಿಯನ್ನು ಬೆರಳಸಂದಿಯಿಂದ ನೆಲಕ್ಕೆ ಬಿಡುತ್ತಿದ್ದಳು. ಪ್ರಾರ್ಥನೆ ಹೇಳಿಸುವ ಫಿದೆನ್ಸಿಯೊ ಬಾಗಿಲಲ್ಲೇ ನಿಂತುಬಿಟ್ಟ.

"ಇದೇನೇ ಇದು? ಮಾತೆ ಮರಿಯಳ ಮುಖ ಎಲ್ಲಿ?"

"ಮುಖ ಇಲ್ಲ. ನಮ್ಮ ಕಣಿವೆಯ ನಕ್ಷೆ. ಟೀಚರಮ್ಮನದು."

ಎರ್ಮೆಲಿಂದಾ ಟೀಚರು ತೀರಿಕೊಂಡು ಅಂದಿಗೆ ಒಂಬತ್ತನೆಯ ದಿನ. ಶವ ಇಟ್ಟಿದ್ದ ಜಾಗದಲ್ಲಿ ಬಣ್ಣದ ಪುಡಿಯಿಂದ ಸಂತರ ಚಿತ್ರ ಬರೆದು, ಸಂಜೆ ಅದನ್ನು ಎತ್ತಿ ಗೋರಿಯ ಮೇಲೆ ತೋಡಿದ ಗುಂಡಿಗೆ ಸುರಿಯದಿದ್ದರೆ ಜೀವ ಮನೆ ಬಿಟ್ಟು ಹೋಗುವುದಿಲ್ಲ ಎಂಬುದು ಮೆಕ್ಸಿಕೊದ ಈ ವಹಾಕ ಬೆಟ್ಟಗಳ ನಂಬಿಕೆ. ಬರೆಯುವ ಕೈ ಕಸಿಲ್ದಾಳದು.

"ಬೆಟ್ಟ ಗುಡ್ಡ ಗೀಚೋಕೆ ಇದೇನು ಶಾಲೆ ಗೋಡೆನಾ?"

"ಫಿದೆನ್ಸಿಯೊ, ಚಾಕೊಲೇಟ್ ಆರಿಹೋಗ್ತದೆ, ಕುಡಿ," ಎಂದಳು ಟೀಚರ ತಂಗಿ ಒತಿಲಿಯಾ. "ನನ್ನಕ್ಕ ಸಂತಳೇನಲ್ಲ. ನಿನ್ನ ಕಿವೀನೇ ಎಷ್ಟು ಸಲ ಹಿಂಡಿಲ್ಲ?"

ಫಿದೆನ್ಸಿಯೊ ಕುಡಿದ. "ಬರ್ಕೊಳ್ಳಿ. ಎತ್ತೋದು ಮಾತ್ರ ತಲೆ ಕಡೆಯಿಂದ. ನಮ್ಮಪ್ಪ ಎತ್ತಿದ ಹಾಗೆ."

ಕಸಿಲ್ದಾ ಪುಡಿ ಬಿಡುವುದನ್ನು ನಿಲ್ಲಿಸಿದಳು. "ತಲೆ ಕಡೆ ಇರೋದು ಬೆಟ್ಟದ ನೆತ್ತಿಯ ಹಳದಿ. ಅದನ್ನ ಮೊದಲು ಸುರಿದ್ರೆ ಅದೇ ಅಡಿಗೆ ಹೋಗ್ತದೆ. ಅವರು ಕಲಿಸಿದ್ದೆಲ್ಲ ತಲೆಕೆಳಗು."

"ಗುಂಡಿಯೊಳಗೆ ಯಾರು ನೋಡ್ತಾರೆ?"

"ಅವರೇ."

\* \* \*

ಕಸಿಲ್ದಾ, ಫಿದೆನ್ಸಿಯೊ ಶಾಲೆಯಲ್ಲಿದ್ದ ಕಾಲದಲ್ಲಿ ಶಿಕ್ಷಣ ಇಲಾಖೆ ಕಳಿಸಿದ ಭೂವಿಜ್ಞಾನದ ನಕ್ಷೆಯಲ್ಲಿ ಇಡೀ ಕಣಿವೆಗೆ ಒಂದೇ ಬಣ್ಣ ಬಳಿದಿತ್ತು. ಟೀಚರಿಗೆ ಸಿಟ್ಟು ನೆತ್ತಿಗೇರಿತು. "ಇದನ್ನ ಬರೆದವನು ಇಲ್ಲಿ ಕಾಲಿಟ್ಟಿಲ್ಲ," ಎಂದವರೇ ಮಕ್ಕಳಿಗೆ ಚೀಲ ಕೊಟ್ಟು ತಾವೂ ಬೆಟ್ಟಕ್ಕೆ ನಡೆದರು. ಹೊಳೆದಂಡೆಯ ಕಪ್ಪು ಕಲ್ಲು, ಅದರ ಮೇಲೆ ಬಿಳಿ ಸುಣ್ಣಕಲ್ಲು, ಆಮೇಲೆ ಕೆಂಪು ಜೇಡಿ, ನೆತ್ತಿಯಲ್ಲಿ ಹಳದಿ ಬೂದಿಗಲ್ಲು. ಅಡಿಯದು ಎಲ್ಲಕ್ಕಿಂತ ಹಳೆಯದು, ನೆತ್ತಿಯದು ಹೊಸದು. ಜೋಳ ಅರೆಯುವ ಕಲ್ಲಿನಲ್ಲೇ ಅರೆದು, ಪಾಪಾಸುಕಳ್ಳಿಯ ಲೋಳೆಯಲ್ಲಿ ಕಲಸಿ ಶಾಲೆಯ ಗೋಡೆಗೆ ಬಳಿಸಿದರು. ಅಂಗಡಿಯ ಬಣ್ಣ ಮುಟ್ಟಗೊಡಲಿಲ್ಲ.

ಫಿದೆನ್ಸಿಯೊ ಹಳದಿಯನ್ನು ಎಲ್ಲಕ್ಕಿಂತ ಕೆಳಗೆ ಬಳಿದ.

"ನಿಮ್ಮಜ್ಜಿಗಿಂತ ಮೊದಲು ನೀನು ಹುಟ್ಟಿದ್ಯೇನೋ?" ಎಂದು ಕೇಳಿ ಟೀಚರು ಕೆರೆಯಲು ಹೇಳಿದರು. ಅವನು ಅಳುತ್ತ ಕೆರೆದ. ಕತ್ತಲಾಗುವವರೆಗೂ ಪಕ್ಕದಲ್ಲಿ ಕೂತು ಅವರೂ ಕೆರೆದರು.

\* \* \*

ಸಂಜೆ ಹಾಡು ಶುರುವಾಯಿತು. ಫಿದೆನ್ಸಿಯೊ ತಲೆಯ ಕಡೆ ಬಗ್ಗಿದ. ಅವನ ಪೊರಕೆ ಹಳದಿಯ ಅಂಚಿನಲ್ಲಿ ನಿಂತಿತು, ಮುಂದೆ ಹೋಗಲಿಲ್ಲ. ಎದ್ದು, ಚಿತ್ರವನ್ನು ಸುತ್ತಿಬಂದು, ಕಾಲಿನ ಕಡೆ ಮಂಡಿಯೂರಿದ.

"ನಗಬೇಡ," ಎಂದ.

"ನಾನೆಲ್ಲಿ ನಕ್ಕೆ?"

"ಕಪ್ಪಿಗೆ ಸೋರೆಬುರುಡೆ ಕೊಡು."

ಒಂದೊಂದು ಬಣ್ಣವೂ ಒಂದೊಂದು ಸೋರೆಬುರುಡೆಯಲ್ಲಿ ಗೋರಿಗೆ ಹೋಯಿತು. ಕಪ್ಪು ಸುರಿದದ್ದಾಯಿತು. ಅಷ್ಟರಲ್ಲಿ ಬೀಸಿದ ಗಾಳಿಗೆ ಕಸಿಲ್ದಾಳ ಕೈಯ ಬುರುಡೆಯಿಂದ ಒಂದು ಚಿಟಿಕೆ ಹಳದಿ ಹಾರಿ ಕಪ್ಪಿನ ಮೇಲೆ ಕೂತಿತು.

ಹಾಡು ನಡೆದೇ ಇತ್ತು. ಫಿದೆನ್ಸಿಯೊ ಒಗೆದ ಬಿಳಿ ಅಂಗಿಯಲ್ಲೇ ನೆಲಕ್ಕೆ ಬೋರಲು ಮಲಗಿ, ಗುಂಡಿಯೊಳಗೆ ತೋಳಿಳಿಸಿ, ಉಗುರಿನಿಂದ ಹಳದಿಯನ್ನು ಕೆರೆಯತೊಡಗಿದ. ಕಸಿಲ್ದಾ ಬುರುಡೆಯನ್ನು ಒತಿಲಿಯಾಳ ಕೈಗಿತ್ತು, ಅವನ ಪಕ್ಕದಲ್ಲಿ ಮಲಗಿ, ತಾನೂ ಕೈ ಇಳಿಸಿದಳು.