ಬಣ್ಣವಿಲ್ಲದ ತೊಗಲು

“ಏ ಬಿಳಿ ಜಿರಳೆ, ಏಳ ಮ್ಯಾಲೆ! ನೆರಳಾಗ ಕುಂತು ಪಗಾರ ತಗೊಳ್ಳಾಕ ಇದೇನ ನಿಮ್ಮಪ್ಪನ ಬಂಗ್ಲೆ ಏನ?”

ಕಂತ್ರಾಟುದಾರ ರಾಜಶೇಖರನ ಬೂಟು ಬುಟ್ಟಿಗೆ ಬಡಿದು ಜಲ್ಲಿ ಚೆಲ್ಲಿತು. ಲಾರಿಯ ಮಗ್ಗುಲಿನಿಂದ ಈರವ್ವ ಎದ್ದಳು. ಊರಿನಿಂದ ದೂರದ ಮಹಾಪೆಯಲ್ಲಿ ಹಾಕುತ್ತಿದ್ದ ಹೊಸ ರಸ್ತೆಯ ಮೇಲೆ ಮೇ ತಿಂಗಳ ಬಿಸಿಲು ಕಾದ ಹಂಚಿನಂತೆ ಸುಡುತ್ತಿತ್ತು.

ಹುಟ್ಟುವಾಗಲೇ ಅವಳ ತೊಗಲಿಗೆ, ಕೂದಲಿಗೆ ಬಣ್ಣವಿರಲಿಲ್ಲ. ಪಾಪದ ಫಲವೆಂದು ಊರ ಪೂಜಾರಿ ಅವಳನ್ನು ಗುಡಿಯ ಕಟ್ಟೆಯಿಂದ ಇಳಿಸಿದ್ದ. ಇಲ್ಲಿ ರಾಜಶೇಖರ ‘ಮೇಮ್‌ಸಾಬ್’ ಎಂದು ಕರೆದು ಆಳುಗಳನ್ನು ನಗಿಸುತ್ತಿದ್ದ. ಹನ್ನೆರಡು ವರ್ಷ ಬಿಸಿಲಲ್ಲಿ ಜಲ್ಲಿ ಹೊತ್ತ ಮೇಲೆ ಕಿವಿಯ ಕೆಳಗೊಂದು ಹುಣ್ಣು ಎದ್ದಿತ್ತು. ಮಾಯುತ್ತಿರಲಿಲ್ಲ, ರಕ್ತ ಒಸರುವುದೂ ನಿಲ್ಲುತ್ತಿರಲಿಲ್ಲ.

ಸರಕಾರಿ ಆಸ್ಪತ್ರೆಯಲ್ಲಿ ಹುಣ್ಣಿನ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಹದಿನೈದು ದಿನದ ನಂತರ ಡಾಕ್ಟರ್ ಶೈಲಶ್ರೀ ರಿಪೋರ್ಟ್ ಓದಿದಳು.

“ಚರ್ಮದ ಕ್ಯಾನ್ಸರ್ ಅದ, ಈರವ್ವ. ಬಿಸಿಲಿನೊಳಗ ಕಣ್ಣಿಗೆ ಕಾಣದ ಕಿರಣ ಇರ್ತಾವ, ಅಲ್ಟ್ರಾವಯೊಲೆಟ್ ಅಂತ. ತೊಗಲಿನ ಕಣದೊಳಗ ಹೊಕ್ಕು ಅದು ಬೆಳೆಯೋ ರೀತೀನ ಕೆಡಸ್ತಾವ. ಕೆಟ್ಟ ಕಣ ಬೆಳಕೋತ ಹೋಗ್ತದ. ಬ್ಯಾರೇದವ್ರಿಗೆ ಮೈಬಣ್ಣ ಒಂದಿಷ್ಟು ತಡೀತದ. ನಿನಗ ಅದೂ ಇಲ್ಲ.”

“ದೇವ್ರ ಶಾಪ ಅಲ್ಲೇನ್ರಿ?”

“ಎಲ್ಲಿ ಶಾಪ? ಬಿಸಿಲು. ಈಗ ಕೊಯ್ದು ತಗದ್ರ ಉಳೀತಿ. ನಾಡದು ಬಾ. ಬಿಸಿಲಾಗ ಮಾತ್ರ ನಿಲ್ಲಬ್ಯಾಡ.”

ಈರವ್ವ ಆಸ್ಪತ್ರೆಯಿಂದ ನೇರ ಕೆಲಸದ ಜಾಗಕ್ಕೇ ಬಂದಳು. ಡಾಕ್ಟರ್ ಹೇಳಿದ್ದನ್ನು ರಾಜಶೇಖರನಿಗೆ ತಿಳಿಸಿ, ಹೆಂಗಸರು ಜಲ್ಲಿ ಒಡೆಯುವಲ್ಲಿ ಒಂದು ತಾಡಪತ್ರಿಯಾದರೂ ಕಟ್ಟಿಸಿ ಎಂದು ಕೇಳಿದಳು.

ರಾಜಶೇಖರ ಗುಟಕಾ ಉಗುಳಿ ನಕ್ಕ. “ಬಿಸಿಲಿಗೆ ಕ್ಯಾನ್ಸರಂತ! ಏಸೀನೂ ಹಾಕಸ್ಲೇನ, ಬೋಸಡಿ?” ಮೇಸ್ತ್ರಿ ಲೋಕನಾಥನತ್ತ ತಿರುಗಿ ಕೂಗಿದ: “ಲೋಕ್ಯಾ, ಕಾರಿನ ಮ್ಯಾಲಿನ ಜಾಳಿಗಿ ಎಳದು ಕಟ್ಟೋ! ಹೊಸಾ ಗಾಡಿ, ಬಿಸಿಲಿಗೆ ಬಣ್ಣ ಹೋಗ್ತೈತಿ.”

ಈರವ್ವ ತಿರುಗಿ ನೋಡಿದಳು. ನಾಲ್ಕು ಬಿದಿರಿಗೆ ಬಿಗಿದ ನೆರಳಿನ ದಪ್ಪ ಹಸಿರು ಜಾಳಿಗೆ. ಅದರಡಿಯಲ್ಲಿ ಕೆಂಪು ಕಾರು ತಣ್ಣಗೆ ನಿಂತಿತ್ತು.

ಅವಳು ಹೋಗಿ ಗಂಟು ಬಿಚ್ಚತೊಡಗಿದಳು.

“ಏ ರಂಡೆ, ಮುಟ್ಟಬ್ಯಾಡ! ಹಿಡಿಯೋ ಆಕಿನ್ನ, ಲೋಕ್ಯಾ!”

“ಹೆಂಗಸರ ಮೈಮೇಲೆ ಕೈ ಹಾಕ್ಲಿಕ್ಕೆ ನನ್ನಿಂದಾಗುದಿಲ್ಲ ಸೇಠ್,” ಎಂದ ಲೋಕನಾಥ ಬೀಡಿ ಹಚ್ಚಿದ.

ಈರವ್ವ ಜಾಳಿಗೆಯನ್ನು ಜಲ್ಲಿರಾಶಿಯವರೆಗೆ ಎಳೆದೊಯ್ದಳು. ಹೆಂಗಸರು ಸುತ್ತಿಗೆ ಬಿಟ್ಟು ಎದ್ದು, ಆ ಬಿದಿರುಗಳನ್ನೇ ಕಿತ್ತು ತಂದು ನೆಟ್ಟು ಜಾಳಿಗೆ ಕಟ್ಟಿದರು.

“ನಾಳಿಂದ ಕೆಲಸಕ್ಕ ಬಂದ್ರ ಕಾಲು ಮುರೀತೀನಿ!”

“ನಾಳೀದು ನಾಳಿಗೆ. ಇವತ್ತು ನಿನ್ನ ಗಾಡಿ ಸುಡ್ಲಿ, ಭಾಡ್ಯಾ,” ಎಂದು ಈರವ್ವ ನೆರಳಲ್ಲಿ ಕಾಲು ಚಾಚಿ ಕುಳಿತಳು.

ರಾಜಶೇಖರ ಅತ್ತಿತ್ತ ನೋಡಿದ. ಯಾರೂ ಅಲುಗಲಿಲ್ಲ. ಕೊನೆಗೆ ತನ್ನ ಅಂಗಿ ಕಳಚಿ ಬಾನೆಟ್ಟಿಗೆ ಹೊದಿಸಿ, ಬನಿಯನ್ನಿನಲ್ಲಿ ಬಿಸಿಲಿಗೆ ನಿಂತುಕೊಂಡ.