ದಾಕ್ಷಾಯಿಣಿ ತಿದ್ದಿದ ಮಾತು

ಮೂವತ್ತು ವರ್ಷದ ಹಿಂದೆ ಧಾರವಾಡದ ಒಂದು ಕವಿಗೋಷ್ಠಿಯಲ್ಲಿ ದಾಕ್ಷಾಯಿಣಿ ಕವಿತೆ ಓದಿದ್ದಳು. ನಡುವೆ ಒಂದು ತಮಿಳು ಪದ ನುಸುಳಿತ್ತು. ಯಾರೋ ‘ಮದ್ರಾಸ್ ಕನ್ನಡ’ ಎಂದು ನಕ್ಕರು. ಮದ್ರಾಸಿನ ಪ್ಯಾರೀಸ್ ಕಾರ್ನರಿನಲ್ಲಿ ನೆಲೆಸಿದ ಉತ್ತರ ಕರ್ನಾಟಕದ ಬಟ್ಟೆ ವ್ಯಾಪಾರಿಗಳ ಮನೆಯಲ್ಲಿ ಹುಟ್ಟಿದವಳು. ಮನೆಯ ಮಾತೇ ಹಾಗಿತ್ತು. ಅಂದೇ ಬರೆಯುವುದನ್ನು ಬಿಟ್ಟಳು.

ಐವತ್ತೆಂಟನೆಯ ವಯಸ್ಸಿನಲ್ಲಿ ಮತ್ತೆ ಪೆನ್ನು ಹಿಡಿದಾಗ ಚೆನ್ನೈ ಕನ್ನಡಿಗರ ಸಣ್ಣ ಪತ್ರಿಕೆಯೊಂದು ಅವಳನ್ನೇ ವಿಶೇಷ ಸಂಚಿಕೆಗೆ ಸಂಪಾದಕಿ ಮಾಡಿತು. ಇನ್ನೂ ಬಾರದ ಕಾಲದ, ಎಲ್ಲೂ ಇಲ್ಲದ ಲೋಕಗಳ ಕತೆ, ಕವಿತೆಗಳು. ಬರೆಯುವವರು ಹೊಸಬರು, ಇಲ್ಲವೇ ಅವಳ ಹಾಗೆ ಬಿಟ್ಟು ಮರಳಿದವರು.

ಬಂದವುಗಳಲ್ಲಿ ಚೆನ್ನೈಯದೇ ಬಡಾವಣೆಯಾದ ವೇಲಚೇರಿಯ ಗಗನಾ ಬರೆದ ಕತೆ ಅವಳನ್ನು ಹಿಡಿದು ಕೂರಿಸಿತು. ಇಪ್ಪತ್ತೊಂದರ ಹುಡುಗಿ, ಶಾಲೆಯಲ್ಲಿ ಓದಿದ್ದು ತಮಿಳು, ಕನ್ನಡದ ಅಕ್ಷರ ಕಲಿಸಿದ್ದು ಅಜ್ಜಿ. ಕತೆಯಲ್ಲಿ ವೇಲಚೇರಿಗೆ ನುಗ್ಗಿದ ಮಳೆನೀರು ಇಳಿಯುವುದೇ ಇಲ್ಲ. ನೂರು ವರ್ಷದ ಮೇಲೆ ಒಬ್ಬಳು ದೋಣಿಯಲ್ಲಿ ತನ್ನ ಹಿರಿಯರ ಮೂರನೇ ಮಹಡಿಯ ಮನೆಗೆ ಬರುತ್ತಾಳೆ. ಕದ ಕೀಲಿಗೆ ಬಗ್ಗುವುದಿಲ್ಲ. ಮುತ್ತಜ್ಜಿ ದಿನಾ ಕರೆಯುತ್ತಿದ್ದ ಹಾಗೆಯೇ ಕರೆದರೆ ಮಾತ್ರ ತೆರೆಯುತ್ತದೆ: “ಏ ಕಣ್ಣು, ಸೀಕ್ರಂ ಬಾ, ಸೋರು ಆರೋಯ್ತದೆ.”

ದಾಕ್ಷಾಯಿಣಿಗೆ ಧಾರವಾಡದ ನಗು ಕೇಳಿಸಿತು. ಹುಡುಗಿಗೆ ಆ ಗತಿ ಬರಬಾರದೆಂದುಕೊಂಡು, ಅವಳನ್ನು ಕೇಳದೆಯೇ ತಿದ್ದಿದಳು: “ಮಗಳೇ, ಬೇಗ ಬಾ, ಅನ್ನ ಆರಿಹೋಗುತ್ತದೆ.”

ಭಾನುವಾರ ಸಂಜೆ ಸಂಚಿಕೆಯ ಬಿಡುಗಡೆ. ಗಗನಾ ಅಚ್ಚಾದ ಕತೆಯನ್ನು ಮೊದಲು ಕಂಡದ್ದೇ ವೇದಿಕೆಯ ಮೇಲೆ. ಆ ಸಾಲಿಗೆ ಬಂದಾಗ ತಡವರಿಸಿದಳು, ಪುಟ ಹಿಂದೆ ಮುಂದೆ ತಿರುವಿದಳು, ಕೊನೆಗೆ ಇದ್ದಂತೆಯೇ ಓದಿದಳು.

ಮುಂದೆ ಕೂತಿದ್ದ, ಗಗನಾಳನ್ನು ದಿನಾ ‘ಏ ಕಣ್ಣು’ ಎಂದೇ ಕರೆಯುವ ಅಜ್ಜಿ ಚಿಕ್ಕತಾಯಮ್ಮ ಗಟ್ಟಿಯಾಗಿಯೇ ಕೇಳಿದರು: “ಇದ್ಯಾರವ್ವ ಹಿಂಗೆ ಕರ್ದಿದ್ದು? ನಾನೇನು ನ್ಯೂಸ್ ಓದೋಳಾ?”

ಸಭೆ ನಕ್ಕಿತು. ಹಿರಿಯರೊಬ್ಬರು ಎದ್ದು, “ಇಷ್ಟು ಸಾದಾ ಮಾತಿಗೆ ಕದ ಯಾಕಮ್ಮ ತೆರೀಬೇಕು? ಇದನ್ನ ಯಾರು ಬೇಕಾದ್ರೂ ಹೇಳ್ಬೋದಲ್ಲ?” ಎಂದರು.

ಗಗನಾ ಒಮ್ಮೆ ದಾಕ್ಷಾಯಿಣಿಯ ಕಡೆ ನೋಡಿದಳು. “ನಾನೇ ಸರಿಯಾಗಿ ಬರೀಲಿಲ್ಲ ಸಾರ್,” ಎಂದು ಇಳಿದು ಹೋದಳು.

ಮೈಕು ದಾಕ್ಷಾಯಿಣಿಯ ಕೈಯಲ್ಲಿತ್ತು. ಒಂದೇ ಒಂದು ಮಾತು ಸಾಕಿತ್ತು. “ಮುಂದಿನ ಕವಿತೆ, ಶಿವಶರಣ ಅವರಿಂದ,” ಎಂದಳು.

ಮೂರು ದಿನ ಅವಳಿಗೆ ಊಟ ಸೇರಲಿಲ್ಲ. ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲೂ ಹೇಸಿಗೆಯಾಯಿತು. ನಾಲ್ಕನೆಯ ದಿನ ರೈಲು ಹತ್ತಿ ವೇಲಚೇರಿಗೆ ಹೋದಳು. ಬಾಗಿಲು ತೆರೆದದ್ದು ಚಿಕ್ಕತಾಯಮ್ಮ.

“ತಪ್ಪು ನಂದರೀ ಅಮ್ಮಾರ,” ನಿಂತಲ್ಲೇ ಹೇಳಿದಳು. “ಹುಡುಗಿ ಛಲೋ ಬರದಿದ್ಲು. ನಾನ ತಿದ್ದಿ ಕೆಡಿಸೀನಿ.”

ಮುದುಕಿ ಅವಳನ್ನೇ ದಿಟ್ಟಿಸಿದರು. “ಅಂದ್ರೆ, ನನ್ನ ಮಾತು ನಾಕ್ ಜನದ ಮುಂದೆ ಹೇಳಕ್ಕೆ ನಾಚ್ಕೆನಾ ನಿಮ್ಗೆ?”

“ನಿಮ್ಮ ಮಾತಲ್ಲರೀ. ನಮ್ಮನ್ಯಾಗೂ ಹಿಂಗ ತಮಿಳು ಬೆರಸೇ ಮಾತಾಡ್ತೀವಿ. ನಾಚಿಕಿ ನನ್ನ ಮಾತಿನ ಬಗ್ಗೆರೀ, ಹಿಂದ ಧಾರವಾಡದಾಗ ಅದಕ್ಕ ನಕ್ಕಿದ್ರು.” ಕಣ್ಣಲ್ಲಿ ನೀರು ತುಂಬಿತು.

ಒಳಗಿಂದ ಬಂದ ಗಗನಾ ಕೋಪವಿಲ್ಲದೆ ಹೇಳಿದಳು: “ತಿದ್ದಿದ್ದು ಪರ್ವಾಯಿಲ್ಲ ಮೇಡಮ್. ಅವತ್ತು ಮೈಕ್ ನಿಮ್ ಕೈಲೇ ಇತ್ತಲ್ಲ?”

ದಾಕ್ಷಾಯಿಣಿ ಚಿಕ್ಕತಾಯಮ್ಮ ತಂದಿಟ್ಟ ಕಾಫಿಯನ್ನು ತಲೆ ತಗ್ಗಿಸಿ ಕುಡಿದಳು.

ಮುಂದಿನ ಸಂಚಿಕೆಯಲ್ಲಿ ಗಗನಾಳ ಕತೆ ಅವಳು ಬರೆದಂತೆಯೇ ಬಂತು. ಕೆಳಗೆ ತಪ್ಪೊಪ್ಪಿಗೆ, ದಾಕ್ಷಾಯಿಣಿಯ ಹೆಸರಿನಲ್ಲಿ. ಓದುಗರು ಮೆಚ್ಚಿ ಬರೆದರು. ಆ ಪತ್ರಗಳನ್ನೆಲ್ಲ ಕಳಿಸಿ, ದಾಕ್ಷಾಯಿಣಿ ಫೋನಿನಲ್ಲಿ ಇನ್ನೊಂದು ಕತೆ ಕೇಳಿದಳು.

“ಬರ್ದಿದೀನಿ ಮೇಡಮ್. ತಮಿಳಲ್ಲಿ. ಒಂದು ಪತ್ರಿಕೆಯವರು ತಗೊಂಡಿದ್ದಾರೆ.”

“ನನಗೂ ತಮಿಳ ಓದಾಕ ಬರ್ತದ. ಕಳಸ್ತೀಯೇನ?”

ಗಗನಾ, “ಅಚ್ಚಾದ ಮೇಲೆ ಕಳಿಸ್ತೀನಿ,” ಎಂದಳು.